ತಲೆಯಾಡಿಸಿದ ಅಳಿಯ

ಮೋಟರ್ ಸುತ್ತುವವನು ಕೆಲಸದ ಹೊತ್ತಿನಲ್ಲಿ ರಾಜಕೀಯ ಕೇಳಬಾರದು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಕೆಟ್ಟುಹೋದ ಮೋಟರುಗಳೇ ಹೇಳಿಕೊಟ್ಟವು. ಚಳ್ಳಕೆರೆಯಲ್ಲಿ, ಎಣ್ಣೆ ಮಿಲ್ಲುಗಳ ಬೀದಿಯ ಕೊನೆಗೆ, ಅಪ್ಪ ಬಿಟ್ಟುಹೋದ ಒಂದು ಅಂಗಡಿ ನನ್ನದು. ಬೋರ್‌ವೆಲ್ಲಿನ ಮೋಟರ್ ಸುಟ್ಟರೆ ಸುತ್ತಮುತ್ತಲ ಹಳ್ಳಿಯವರು ಹೊತ್ತು ತರುತ್ತಾರೆ. ನಾನು ಕರಕಲಾದ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುತ್ತೇನೆ. ಸುತ್ತುವಾಗ ಮನಸ್ಸಿನಲ್ಲಿ ಎಣಿಸುತ್ತಲೇ ಇರಬೇಕು. ಪಕ್ಕದಲ್ಲಿ ಫೋನಿನೊಳಗೆ ಲೋಕಸಭೆ ನಡೆಯುತ್ತಿದ್ದರೆ ಎಣಿಕೆ ಹಳ್ಳ ಹಿಡಿಯುತ್ತದೆ. ಯಾಕೆಂದರೆ ಅಲ್ಲಿ ಯಾರೋ ಒಬ್ಬ ಸದಸ್ಯರು ಎದ್ದು ನಿಂತು ತಪ್ಪು ವಾದ ಹೂಡುತ್ತಾರೆ, ಅದಕ್ಕೆ ನಾನು ಇಲ್ಲಿಂದ ಉತ್ತರ ಕೊಡಬೇಕಾಗುತ್ತದೆ. ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ಎಷ್ಟನೇ ಸುತ್ತಿನಲ್ಲಿದ್ದೆ ಎಂಬುದು ಆ ದೇವರಿಗೂ ಗೊತ್ತಿರುವುದಿಲ್ಲ.

ಹೆವಿ ಮೆಟಲ್ ಹಾಗಲ್ಲ. ಅದರ ಡ್ರಮ್ಮು ನನಗಿಂತ ಚೆನ್ನಾಗಿ ಎಣಿಸುತ್ತದೆ, ನಾನು ಅದರ ಬೆನ್ನು ಹಿಡಿದರೆ ಸಾಕು. ಹಾಗಾಗಿ ನನ್ನ ದಿನಚರಿ ಬಲು ಸರಳ. ಕೈಯಲ್ಲಿ ತಂತಿ ಇದ್ದಾಗ ಮೆಟಲ್, ಕೈಯಲ್ಲಿ ಟೀ ಲೋಟ ಇದ್ದಾಗ ರಾಜಕೀಯ. ಉಣ್ಣುವುದು, ಮಲಗುವುದು, ಕ್ಷೌರ ಇತ್ಯಾದಿಗಳನ್ನು ಇವೆರಡರ ನಡುವೆ ಹೇಗೋ ಹೊಂದಿಸಿಕೊಳ್ಳುತ್ತೇನೆ.

ಈ ಸಂಗೀತ ನನಗೆ ಅಂಟಿದ್ದು ಬೋರ್‌ವೆಲ್ ಲಾರಿಯಿಂದ. ಗೌರಸಮುದ್ರದ ಕಡೆಯ ಒಂದು ಹೊಲದಲ್ಲಿ ಕೊಳವೆಬಾವಿ ಕೊರೆಯುತ್ತಿದ್ದರು. ಎಂಥ ಮೋಟರ್ ಇಳಿಸಬೇಕು ಅಂತ ನೋಡಲು ನನ್ನನ್ನು ಕರೆಸಿದ್ದರು. ಕಂಪ್ರೆಸರ್ ಸದ್ದಿಗೆ ಪಕ್ಕದಲ್ಲಿ ನಿಂತವನ ಮಾತೂ ಕೇಳುತ್ತಿರಲಿಲ್ಲ. ಅಂಥದ್ದರಲ್ಲಿ ಲಾರಿಯ ಕ್ಯಾಬಿನ್ನಿನಿಂದ ಒಂದು ಗಂಟಲು ಆ ಸದ್ದನ್ನೇ ಸೀಳಿಕೊಂಡು ಬರುತ್ತಿತ್ತು. ಏನಿದು ಅಂತ ಕೈಸನ್ನೆಯಲ್ಲಿ ಕೇಳಿದೆ. ಉತ್ತರದ ಕಡೆಯಿಂದ ಬಂದಿದ್ದ ಡ್ರೈವರ್ ನನ್ನ ಕಿವಿಗೆ ಬಾಯಿಟ್ಟು ಹಿಂದಿಯಲ್ಲಿ ವಿವರಿಸಿದ: ಈ ಕೆಲಸದಲ್ಲಿ ಕಿವಿಗೆ ಬೀಳುವ ಹಾಡು ಇದೊಂದೇ. ನೀರು ಬೀಳುವ ಹೊತ್ತಿಗೆ ಅವನ ಹಾಡುಗಳೆಲ್ಲ ನನ್ನ ಫೋನಿನಲ್ಲಿದ್ದವು. ಹೊಲದ ಯಜಮಾನರು ಕೆಸರು ನೀರನ್ನು ಮುಖಕ್ಕೆ ಎರಚಿಕೊಂಡು ಕುಣಿಯುತ್ತಿದ್ದರು. ನಾನೂ ಕುಣಿದೆ. ನಾನೂ ನೀರು ಬಂದ ಖುಷಿಗೆ ಕುಣಿಯುತ್ತಿದ್ದೇನೆ ಅಂದುಕೊಂಡು ಅವರು ನನ್ನನ್ನು ತಬ್ಬಿಕೊಂಡರು.

ಅವ್ವನಿಗೆ ಮೊದಲ ಸಲ ಕೇಳಿಸಿದಾಗ ಅವಳು ಬೇಳೆ ಆರಿಸುವುದು ನಿಲ್ಲಿಸಿ ಕಿವಿಗೊಟ್ಟಳು. "ಯಾರಿಗೋ ಹೊಟ್ಟೆನೋವು ಬಂದೈತೆ, ನೀನು ನೋಡಿದ್ರೆ ಕೇಳ್ಕೊಂಡು ಕೂತಿದೀಯ," ಅಂದಳು. ಸಂತೆಯಲ್ಲಿ ನನಗೊಂದು ಕಪ್ಪು ಟೀಶರ್ಟ್ ಸಿಕ್ಕಿತ್ತು. ಎದೆಯ ಮೇಲೆ ತಲೆಬುರುಡೆ, ಅದರ ಕೆಳಗೆ ಜಾಲಿಮುಳ್ಳಿನ ಕಂಟಿಯಂತೆ ಹೆಣೆದುಕೊಂಡ ಅಕ್ಷರ, ಯಾರಿಗೂ ಓದಲು ಬಾರದ್ದು. ಅವ್ವ ಅದನ್ನು ಬಯ್ಯುತ್ತಲೇ ಒಗೆದು, ಬುರುಡೆ ಬೀದಿಗೆ ಕಾಣುವ ಹಾಗೆ ತಂತಿಯ ಮೇಲೆ ಒಣಗಿಸುತ್ತಿದ್ದಳು. ಮನೆಗೆ ದೃಷ್ಟಿಯಾಗುವುದಿಲ್ಲ ಎಂಬುದು ಅವಳ ಲೆಕ್ಕ.

ರಾಜಕೀಯದ ವಿಷಯಕ್ಕೆ ಬಂದರೆ, ನನಗೆ ಪಕ್ಷ ಅಂತ ಇಲ್ಲ. ಯಾರು ಮಾತಾಡುತ್ತಿದ್ದಾರೋ ಅವರ ಎದುರು ಪಕ್ಷ ನನ್ನದು. ಊರ ರಾಜಕೀಯ, ನಗರಸಭೆಯ ಚರಂಡಿ, ಇವೆಲ್ಲ ನನಗೆ ಹಿಡಿಸುವುದಿಲ್ಲ. ನನಗೆ ದಿಲ್ಲಿಯದೇ ಆಗಬೇಕು. ಯಾವ ರಾಜ್ಯದಲ್ಲಿ ಯಾವ ಮೈತ್ರಿ ಮುರಿಯಿತು, ರಾಜ್ಯಸಭೆಗೆ ಯಾರು ಅಡ್ಡಮತ ಹಾಕಿದರು, ಇವು ನನ್ನ ನಾಲಿಗೆ ತುದಿಯಲ್ಲಿರುತ್ತವೆ. ಮತ ಎಣಿಕೆಯ ದಿನ ಅಂಗಡಿಗೆ ಬೀಗ. ಒಂದು ಸಲ ಅವ್ವ ಆ ದಿನ ಹೋಳಿಗೆ ಮಾಡಿಬಿಟ್ಟಿದ್ದಳು. ಹಬ್ಬ ಅಂತ ತಿಳಿದು ಅಲ್ಲ, ಬೆಳಿಗ್ಗೆಯೇ ತಲೆಗೆ ಎರೆದುಕೊಂಡು ಟಿವಿ ಮುಂದೆ ಚಕ್ಕಳಮಕ್ಕಳ ಕೂತ ಮಗನನ್ನು ನೋಡಿ, ಇನ್ನೇನು ಮಾಡುವುದು ಅಂತ. ಇಂಥ ನನ್ನನ್ನು ಎಲ್ಲಕ್ಕಿಂತ ಕೆರಳಿಸುವ ಸಂಗತಿ ಎಂದರೆ, ಲೋಕಸಭೆಗೂ ವಿಧಾನಸಭೆಗಳಿಗೂ ಒಟ್ಟಿಗೇ ಚುನಾವಣೆ ನಡೆಸಬೇಕು ಎಂಬ ಮಾತು. ಎಲ್ಲವನ್ನೂ ಒಂದೇ ಸಲ ಮುಗಿಸಿಬಿಟ್ಟರೆ ಉಳಿದ ವರ್ಷಗಳಲ್ಲಿ ನಾನು ಏನು ಮಾಡಲಿ?

ಈ ಎರಡು ಹುಚ್ಚುಗಳಿಂದ ನನ್ನ ಮದುವೆ ನಿಲ್ಲುತ್ತಲೇ ಬಂತು. ನಾಯಕನಹಟ್ಟಿಯಲ್ಲಿ ಹುಡುಗಿ ನೋಡಲು ಹೋದಾಗ ಅವಳ ಅಣ್ಣ, ರಾಜ್ಯಸಭೆ ಯಾಕೆ ಬೇಕು, ದಂಡ, ಅಂದುಬಿಟ್ಟ. ಯಾಕೆ ಬೇಕು ಅಂತ ನಾನು ವಿವರಿಸಿದೆ. ಅವರು ನಮ್ಮನ್ನು ಚಳ್ಳಕೆರೆ ಬಸ್ಸಿಗೆ ಹತ್ತಿಸಿ, ಬಸ್ ತಿರುವು ದಾಟುವವರೆಗೂ ನಿಂತು ಖಾತ್ರಿ ಮಾಡಿಕೊಂಡು ಮನೆಗೆ ಹೋದರು. ಸಿದ್ದಾಪುರದಲ್ಲಿ ನಾನು ಬಾಯಿ ಬಿಡಲಿಲ್ಲ, ಫೋನು ಬಾಯಿ ಬಿಟ್ಟಿತು. ರಿಂಗ್‌ಟೋನಿನ ಅಬ್ಬರಕ್ಕೆ ಆ ಮನೆಯ ಅಜ್ಜಿ ದೇವರ ಮುಂದಿನ ಅರಿಶಿನದ ಭಂಡಾರ ತಂದು ನನ್ನ ಹಣೆಗೆ ಬಳಿದಳು. ಅಲ್ಲಿಂದ ಬರುವಾಗ ಅವ್ವ ಬಸ್ಸಿನಲ್ಲಿ ಅತ್ತಳು. ಅದು ನನಗೆ ನಿಜಕ್ಕೂ ನೋವು ಕೊಟ್ಟಿತು.

ಹಾಗಾಗಿ ಮೊಳಕಾಲ್ಮೂರಿಗೆ ಹೊರಟಾಗ ದೊಡ್ಡಪ್ಪ ಜೊತೆಗೆ ಬಂದರು. ಅವರು ನಮ್ಮ ಮನೆತನದ ಹಿರಿಯರು, ಮಾತು ಕಡಿಮೆ, ಹುಬ್ಬು ಜಾಸ್ತಿ. ನಮ್ಮದೂ ಮೊದಲು ನೇಕಾರರ ಮನೆಯೇ. ತಾತನ ಕಾಲದಲ್ಲಿ ಮಗ್ಗ ಬಿಟ್ಟು ಚಳ್ಳಕೆರೆ ಸೇರಿದವರು ನಾವು. ಮೊಳಕಾಲ್ಮೂರಿನ ಈ ಸಂಬಂಧ ಇನ್ನೂ ರೇಷ್ಮೆ ಸೀರೆ ನೇಯುವ ಮನೆಯದು. ಬಸ್ಸು ತಳಕು ದಾಟುವಾಗ ದೊಡ್ಡಪ್ಪ ಬಾಯಿ ತೆರೆದರು.

"ಲೇ, ಕಿವಿಗೆ ಹಾಕ್ಕೊಳ್ಳೋ ಆ ದಾರ ನಿಮ್ಮವ್ವನ ಚೀಲಕ್ಕೆ ಹಾಕು. ಫೋನೂ ಹಾಕು. ಆ ಮನೆ ಯಜಮಾನ್ರಿಗೆ ದಿಲ್ಲಿ ವಿಷ್ಯ ಅಂದ್ರೆ ಪ್ರಾಣ. ಅವ್ರು ಏನೇ ಅನ್ಲಿ, ನೀನು ಉಸಿರು ಬಿಡಬಾರ್ದು."

"ತಪ್ಪು ಹೇಳಿದ್ರೆ?"

"ತಪ್ಪು ಹೇಳ್ಲಿ. ನೀನೇನು ಮಂತ್ರಿಯಾ?"

ಆ ಮನೆ ಬೆಟ್ಟದ ಬುಡದ ಓಣಿಯಲ್ಲಿತ್ತು. ನಡುಮನೆಯಲ್ಲಿ ಚಾಪೆ, ಗೋಡೆಯ ಮೇಲೆ ಟಿವಿ. ಟಿವಿಯಲ್ಲಿ ಸುದ್ದಿ ಓಡುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಮನೆಯ ಹೆಂಗಸರು ಅದರ ಸದ್ದು ತೆಗೆದಿಡುವುದು ಅಲ್ಲಿಯ ರೂಢಿ ಅಂತ ಆಮೇಲೆ ತಿಳಿಯಿತು. ಹುಡುಗಿಯ ಅಪ್ಪ ಮಂಡಿ ಹಿಡಿದುಕೊಂಡು ಎದ್ದು ನಮಸ್ಕಾರ ಮಾಡಿದರು. ಮಂಡಿ ಸೋತ ಮೇಲೆ ಅವರು ಮಗ್ಗದ ಗುಂಡಿಗೆ ಇಳಿಯುವುದು ಬಿಟ್ಟಿದ್ದರು, ಈಗ ನೇಯುವವಳು ಮಗಳು. ಒಳಕೋಣೆಯಿಂದ ಮಗ್ಗದ ಸದ್ದು ಬರುತ್ತಿತ್ತು.

"ಸೆರಗಿನ ಸಾಲು ಹಿಡಿದವ್ಳೆ," ಅಂದರು ಅವರು. "ಮುಗಿಸಿ ಬರ್ತಾಳೆ. ನಡುವೆ ಎದ್ರೆ ಜರಿ ಸಡ್ಲ ಆಗ್ತೈತೆ. ಯಾರೇ ಬರ್ಲಿ, ನಮ್ಮನೇಲಿ ಅದಕ್ಕೆ ವಿನಾಯ್ತಿ ಇಲ್ಲ."

ಹುಡುಗಿ ಇಲ್ಲದೆ ಹುಡುಗಿ ನೋಡುವ ಶಾಸ್ತ್ರ ಶುರುವಾಯಿತು. ಅವರ ಹೆಂಡತಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. ದೊಡ್ಡಪ್ಪ ಮಳೆಯ ಬಗ್ಗೆ ಕೇಳಿದರು. ಮಳೆಯಿಂದ ದಿಲ್ಲಿಗೆ ಹೋಗಲು ಯಜಮಾನರಿಗೆ ಒಂದು ಬಜ್ಜಿ ತಿನ್ನುವಷ್ಟು ಹೊತ್ತು ಸಾಕಾಯಿತು. ಮತ್ತೆ ಅವರು ಹಿಡಿದದ್ದು ಯಾವ ವಿಷಯ ಅಂದುಕೊಂಡಿರಿ? ಎಲ್ಲ ಚುನಾವಣೆಗಳೂ ಒಟ್ಟಿಗೇ ಆಗಬೇಕು.

"ಏನಪ್ಪ, ನೀನೇ ನೋಡು. ವರ್ಷಕ್ಕೊಂದು ಎಲೆಕ್ಷನ್ ಅಂದ್ರೆ ಮೇಷ್ಟ್ರು ಶಾಲೆ ಬಿಟ್ಟು ಹೋಗ್ತಾರೆ, ನೇಯೋರು ಮಗ್ಗ ಬಿಟ್ಟು ಮೆರವಣಿಗೆಗೆ ಹೋಗ್ತಾರೆ. ಒಂದೇ ಸಲ ಗುಂಡಿ ಒತ್ತಿ ಮುಗಿಸಿಬಿಟ್ರೆ ಏನಾಗ್ತೈತೆ?"

ನನ್ನ ಬಾಯಿ ತೆರೆಯಿತು. ದೊಡ್ಡಪ್ಪನ ಹುಬ್ಬು ಮೇಲೇರಿತು. ನಾನು ತೆರೆದ ಬಾಯಿಗೆ ಒಂದು ಇಡೀ ಬಜ್ಜಿ ತುರುಕಿಕೊಂಡು, ಆ ಮಾತಿನಿಂದ ತಪ್ಪಿಸಿಕೊಳ್ಳಲು ಕಿವಿಗೆ ಬೇರೆ ಏನಾದರೂ ಆಸರೆ ಹುಡುಕಿದೆ. ಆಗ ಮಗ್ಗದ ಸದ್ದು ಸರಿಯಾಗಿ ಕೇಳಿಸಿತು.

ನಮ್ಮ ಕಡೆ ಮಗ್ಗದ ಸದ್ದು ಯಾರಿಗೆ ಹೊಸತು? ಆದರೆ ಇದು ಎಲ್ಲೋ ಕೇಳಿದ ಸಾದಾ ಟಕ್ ಟಕ್ ಅಲ್ಲ. ಅವಳು ಸೆರಗಿನ ಬುಟ್ಟಾಕ್ಕೆ ಜರಿಯನ್ನು ಕೈಯಿಂದ ಸೇರಿಸಿ ಸೇರಿಸಿ ನೇಯುತ್ತಿದ್ದಳು. ಹಾಗಾಗಿ ಟಕ್, ಟಕಟಕ, ಆಮೇಲೆ ಒಂದು ಬಿಡುವು, ಇನ್ನು ಬರುವುದಿಲ್ಲ ಅನ್ನುವಷ್ಟರಲ್ಲಿ ಧಡ್ ಅಂತ ಒಂದು ಪೆಟ್ಟು. ಮತ್ತೆ ಟಕಟಕ. ಆ ಬಿಡುವು ಪ್ರತಿ ಸಲವೂ ಒಂದು ಕೂದಲೆಳೆಯಷ್ಟು ಬೇರೆ. ಅದನ್ನು ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು. ಇಷ್ಟು ವರ್ಷ ಇಯರ್‌ಫೋನಿನಲ್ಲಿ ಹುಡುಕುತ್ತಿದ್ದುದು ಮೊಳಕಾಲ್ಮೂರಿನ ಒಂದು ಒಳಕೋಣೆಯಲ್ಲಿ, ಕರೆಂಟೂ ಇಲ್ಲದೆ, ಕಾಲಲ್ಲಿ ತುಳಿದು ಬರುತ್ತಿತ್ತು.

ಮೆಟಲ್ ಕೇಳುವವರಿಗೆ ಗೊತ್ತು, ತಾಳ ಸಿಕ್ಕ ಮೇಲೆ ತಲೆ ನಮ್ಮ ಮಾತು ಕೇಳುವುದಿಲ್ಲ. ನನ್ನ ತಲೆ ಆಡತೊಡಗಿತು. ಮೊದಲು ಗದ್ದ, ಆಮೇಲೆ ಕುತ್ತಿಗೆ. ಧಡ್ ಎಂಬ ಪೆಟ್ಟಿಗೆ ಪೂರಾ ಬಗ್ಗುತ್ತಿತ್ತು.

ಯಜಮಾನರು ಇದನ್ನು ಕಂಡರು. ಆಮೇಲೆ ಅವರಿಗೆ ಬಂದ ಹುರುಪು ಹೇಳತೀರದು. ಖರ್ಚಿನ ಮಾತಾಡಿದರು, ನಾನು ತಲೆಯಾಡಿಸಿದೆ. ಹಳೆಯ ಕಾಲದಲ್ಲಿ ಹೀಗೇ ನಡೆಯುತ್ತಿತ್ತು ಅಂದರು, ಇನ್ನೂ ಜೋರಾಗಿ ಆಡಿಸಿದೆ. ಆವೇಶ ಬಂದಾಗ ಅವರಿಗೆ ತೆಲುಗು ಬರುತ್ತಿತ್ತು. "ಅವುನಾ ಕಾದಾ, ನುವ್ವೇ ಚೆಪ್ಪು," ಎಂದು ನನ್ನ ತೊಡೆ ತಟ್ಟಿದರು. ಹೌದೋ ಅಲ್ಲವೋ ನೀನೇ ಹೇಳು ಅಂತ. ಅದೇ ಹೊತ್ತಿಗೆ ಒಳಗೆ ಧಡ್ ಅಂತು, ನನ್ನ ಹಣೆ ಚಾಪೆಗೆ ತಾಗುವುದೊಂದು ಬಾಕಿ. ದೊಡ್ಡಪ್ಪನ ಹುಬ್ಬುಗಳೆರಡೂ ತಲೆಗೂದಲು ಸೇರಿದ್ದವು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮಗನಿಗೆ ಬುದ್ಧಿ ಬಂತು ಅಂತ.

ನಡುವೆ ಒಮ್ಮೆ ಮಗ್ಗ ಗಕ್ಕನೆ ನಿಂತಿತು. ನನ್ನ ತಲೆಯೂ ಅರ್ಧಕ್ಕೆ ನಿಂತಿತು. "ಯಾಕಪ್ಪ, ಇದಕ್ಕೆ ಒಪ್ಪಲ್ವಾ?" ಅಂತ ಯಜಮಾನರು ಮುಂದಕ್ಕೆ ಬಾಗಿದರು. ಅಷ್ಟರಲ್ಲಿ ಮಗ್ಗ ಬೇರೆಯೇ ಓಟದಲ್ಲಿ ಹೊರಟಿತು, ನಾನೂ ಹೊರಟೆ.

ಸಾಲು ಮುಗಿಸಿ ಹುಡುಗಿ ಬಂದಳು. ಕೂದಲಿಗೆ ಒಂದೆಳೆ ಜರಿ ಅಂಟಿಕೊಂಡಿತ್ತು. ಲೋಟ ಕೊಡುವಾಗ ನನ್ನ ಮುಖ ನೋಡಲಿಲ್ಲ, ಕುತ್ತಿಗೆ ನೋಡಿದಳು. ಯಜಮಾನರು ಎಷ್ಟು ಖುಷಿಯಲ್ಲಿದ್ದರೆಂದರೆ, ನಾವು ಕೇಳುವ ಮೊದಲೇ, ಇಬ್ಬರೂ ಮಗ್ಗದ ಕೋಣೆಯಲ್ಲಿ ಮಾತಾಡಿಕೊಂಡು ಬರಲಿ ಅಂದರು.

ಒಳಗೆ ಹೋದೊಡನೆ ಅವಳು ಮಗ್ಗದ ಗುಂಡಿಯ ಅಂಚಿಗೆ ಕೂತು ಬಾಗಿಲ ಕಡೆ ಕೈ ತೋರಿಸಿದಳು. ಅಲ್ಲಿಂದ ನಡುಮನೆಯ ಚಾಪೆ ನೇರವಾಗಿ ಕಾಣುತ್ತಿತ್ತು.

"ನೀವು ತಲೆ ಆಡ್ಸಿದ್ದು ಅಪ್ಪನ ಮಾತಿಗಲ್ಲ," ಅಂದಳು. "ನಾನು ಬೇಕಂತ್ಲೇ ನಿಲ್ಸಿದೆ. ನೀವೂ ನಿಂತ್ರಿ."

 ಸುಳ್ಳು ಹೇಳಲು ತೋಚದೆ, ಅವ್ವನ ಚೀಲದಿಂದ ಫೋನೂ ಇಯರ್‌ಫೋನೂ ತಂದು, ನನಗೆ ಅತ್ಯಂತ ಇಷ್ಟವಾದ ಒಂದು ಹಾಡು ಹಾಕಿ, ಒಂದು ಕಿವಿಯದನ್ನು ಅವಳಿಗೆ ಕೊಟ್ಟೆ. ಅವಳು ಹುಬ್ಬು ಗಂಟಿಕ್ಕಿಕೊಂಡು ಕೇಳಿದಳು. "ಮಗ್ಗದ ಹಗ್ಗ ಕಡಿದಾಗ ಹಿಂಗೇ ಸದ್ದು ಬರ್ತೈತೆ," ಅಂದಳು. ನಾನು ತೆಗೆಯಲು ಕೈ ಚಾಚಿದೆ. ಅವಳು ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಪಾದ ಮಗ್ಗ ತುಳಿಯುವ ಹಲಗೆಯ ಮೇಲೆ ತಾನಾಗಿ ಅಲುಗುತ್ತಿರುವುದನ್ನು ಕಂಡೆ. ನನಗೆ ಈ ಹುಡುಗಿ ಬೇಕು ಅಂತ ಅನಿಸಿದ್ದು ಆಗಲೇ. ಅದಕ್ಕೆ ಮುಂಚೆ ಯಾವ ಹುಡುಗಿಯನ್ನು ನೋಡಲು ಹೋದಾಗಲೂ ಬೇಕು ಅನಿಸಿರಲಿಲ್ಲ, ಆದರೆ ಆಗಲಿ ಅನಿಸಿತ್ತು ಅಷ್ಟೇ.

"ಅಪ್ಪನಿಗೆ ಹೇಳ್ಬೇಡಿ," ಅಂದಳು ಅವಳು. "ಬಂದೋರೆಲ್ಲ ಅವ್ರ ಮಾತಿಗೆ ಆಕಳಿಸ್ತಾರೆ. ಇವತ್ತೇ ಅವ್ರು ಇಷ್ಟು ಖುಷಿಯಾಗಿರೋದು. ನಿಶ್ಚಯ ಆಗೋವರ್ಗೂ ಬಾಯಿ ಕಟ್ಕೊಳ್ಳಿ. ಆಗುತ್ತಾ?"

"ಆಗುತ್ತೆ," ಅಂದೆ. ನನ್ನ ಬಗ್ಗೆ ಏನೇನೂ ಗೊತ್ತಿಲ್ಲದವನು ಮಾತ್ರ ಹಾಗೆ ಮಾತು ಕೊಡಲು ಸಾಧ್ಯ.

ಮರುದಿನದಿಂದ ಯಜಮಾನರ ಫೋನು ಶುರು. ಸಂಸತ್ತಿನ ಅಧಿವೇಶನ ನಡೆಯುತ್ತಿತ್ತು. "ನೋಡಿದ್ಯಾ ಅಲ್ಲುಡು, ನಾವು ಅವತ್ತು ಅಂದಿದ್ದನ್ನೇ ಅಲ್ಲಿ ಅಂದ್ರು," ಎನ್ನುತ್ತಿದ್ದರು. ಅಲ್ಲುಡು ಅಂದರೆ ತೆಲುಗಿನಲ್ಲಿ ಅಳಿಯ. ಆ ಒಂದು ಪದಕ್ಕೆ ನನ್ನ ಕರುಳು ಕರಗುತ್ತಿತ್ತು. "ಹೂಂ ರೀ," ಅನ್ನುತ್ತಿದ್ದೆ. ಅವರು ಹೇಳಿದ ಒಂದೊಂದು ಮಾತಿಗೂ ನನ್ನ ಬಳಿ ಉತ್ತರವಿತ್ತು. ಒಳ್ಳೆಯ, ಹರಿತವಾದ, ಮುಟ್ಟಿ ನೋಡಿಕೊಳ್ಳುವಂಥ ಉತ್ತರ. ಫೋನಿಟ್ಟ ಮೇಲೆ ಅಂಗಡಿಯ ಹಿತ್ತಿಲಿಗೆ ಹೋಗಿ, ರಿಪೇರಿಗೆ ಬಂದ ಸಾಲು ಮೋಟರುಗಳ ಮುಂದೆ ನಿಂತು ಅವೆಲ್ಲವನ್ನೂ ಹೇಳುತ್ತಿದ್ದೆ. ಮಧ್ಯದಲ್ಲಿ ಒಂದು ಸರಕಾರ ಬಿದ್ದರೆ ಆ ರಾಜ್ಯದವರು ಏನು ಮಾಡಬೇಕು ಸ್ವಾಮಿ ಅಂತ ಒಂದು ಮುದಿ ಮೋಟರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಾಗ, ಅದರ ಮಾಲೀಕರು ಹಿಂದೆ ನಿಂತಿದ್ದರು. ಅವರು ಅದನ್ನು ಬೇರೆ ಅಂಗಡಿಗೆ ಒಯ್ಯಲಿಲ್ಲ ಎಂಬುದು ಅವರ ದೊಡ್ಡತನ.

ಹುಡುಗಿಯೂ ಮಧ್ಯಾಹ್ನದ ಹೊತ್ತು ಫೋನು ಮಾಡುತ್ತಿದ್ದಳು. ಮಾತಾಡುತ್ತಿರಲಿಲ್ಲ. ಫೋನನ್ನು ಮಗ್ಗದ ಪಕ್ಕ ಇಟ್ಟು ನೇಯುತ್ತಿದ್ದಳು. ನಾನು ಇಲ್ಲಿ ಸ್ಪೀಕರಿಗೆ ಹಾಕಿಕೊಂಡು ತಂತಿ ಸುತ್ತುತ್ತಿದ್ದೆ. ಅವ್ವ ಊಟ ತಂದವಳು, "ಇದೇನು, ಹೊಟ್ಟೆನೋವು ವಾಸಿ ಆಯ್ತಾ?" ಅಂದಳು.

ನಿಶ್ಚಿತಾರ್ಥ ಅವರ ಮನೆಯಲ್ಲೇ. ಎಲೆ ಅಡಿಕೆ, ತೆಂಗಿನಕಾಯಿ, ಸೀರೆ ಇಟ್ಟ ತಟ್ಟೆಯನ್ನು ಎರಡು ಕಡೆಯ ಹಿರಿಯರು ಬದಲಾಯಿಸಿಕೊಂಡರೆ ಮುಗಿಯಿತು, ಆಮೇಲೆ ಯಾರೂ ಮಾತು ತಪ್ಪುವಂತಿಲ್ಲ. ತಟ್ಟೆ ಬದಲಾಗುವವರೆಗೆ ಬಾಯಿ ಕಟ್ಟಿಕೊಂಡಿದ್ದರೆ ಹುಡುಗಿ ನನ್ನವಳು. ಒಳ್ಳೆಯ ಗಳಿಗೆಗೆ ಇನ್ನೂ ಹೊತ್ತಿತ್ತು. ಎಲ್ಲರೂ ಚಾಪೆಯ ಮೇಲೆ ಕೂತಿದ್ದೆವು. ಯಜಮಾನರು ಒಬ್ಬ ಸ್ನೇಹಿತರನ್ನು ಕೈಹಿಡಿದು ನನ್ನೆದುರು ತಂದು ಕೂರಿಸಿದರು. ಬಸ್ ನಿಲ್ದಾಣದ ಬಳಿ ಟೀ ಅಂಗಡಿ ಇಟ್ಟವರಂತೆ. ಇಬ್ಬರೂ ಹಳೆಯ ಗೆಳೆಯರು, ಒಬ್ಬರ ಮಾತನ್ನು ಒಬ್ಬರು ಒಪ್ಪದೆ ಜೀವಮಾನ ಕಳೆದವರು.

"ಇವ್ನಿಗೆ ಹೇಳು ಅಲ್ಲುಡು," ಅಂದರು ಯಜಮಾನರು, ಹೆಮ್ಮೆಯಿಂದ. "ಎಲ್ಲಾ ಎಲೆಕ್ಷನ್ನೂ ಒಟ್ಟಿಗೇ ಆಗೋದು ಯಾಕೆ ಒಳ್ಳೇದು ಅಂತ. ನಾನು ಹೇಳಿದ್ರೆ ಇವ್ನು ನಂಬಲ್ಲ. ಓದಿದೋನು ನೀನು ಹೇಳು."

ದೊಡ್ಡಪ್ಪ ತಕ್ಷಣ ಕೆಮ್ಮಿ, ಹುಡುಗ ಈಗ ನಾಚಿಕೊಂಡವನೆ ಅಂದರು. ನಾನು ನೆಲ ನೋಡಿದೆ. ಅಲ್ಲಿಗೆ ಪಾರಾಗಿಬಿಡುತ್ತಿದ್ದೆ. ಆದರೆ ಟೀ ಅಂಗಡಿಯವರು ಬಿಡಲಿಲ್ಲ.

"ಅವ್ನೇನು ಹೇಳ್ತಾನೆ? ಒಟ್ಟಿಗೇ ಎಲೆಕ್ಷನ್ ಮಾಡಿದ್ರೆ ಕೆಟ್ಟದ್ದೇ. ಯಾಕೆ ಗೊತ್ತೇನು? ಅಷ್ಟೊಂದು ಜನ ಒಂದೇ ದಿನ ಒತ್ತಿದ್ರೆ ಮಷೀನಿನ ಗುಂಡಿ ಕಾದು ಕರಗಿ ಹೋಗ್ತಾವೆ."

ಯಜಮಾನರು ಏನೇ ಹೇಳಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ. ಅಷ್ಟು ದಿನದಿಂದ ತಡೆದುಕೊಂಡಿರಲಿಲ್ಲವೆ? ಆದರೆ ಇದು ನನ್ನ ಪಕ್ಷ. ನಾನು ಎದೆಯಲ್ಲಿಟ್ಟು ಸಾಕಿದ ವಾದವನ್ನು ಒಬ್ಬರು ನನ್ನ ಕಣ್ಣೆದುರೇ ಹೀಗೆ ಕುಲಗೆಡಿಸುವುದೆಂದರೆ ಹೇಗೆ ಸಹಿಸಲಿ? ಗುಂಡಿ ಕರಗುತ್ತದಂತೆ. ಗುಂಡಿ.

"ಕಾರಣ ಅದಲ್ಲ ರೀ," ಅಂದೆ. ನಾನು ಅಂದದ್ದು ನನಗೆ ಗೊತ್ತಾಗುವ ಮೊದಲೇ ಎದ್ದು ನಿಂತಿದ್ದೆ. ಮಧ್ಯದಲ್ಲಿ ಬೀಳುವ ಸರಕಾರದ ಮಾತು ಬಂತು, ರಾಜ್ಯದ ಸಂಗತಿಗಳು ದಿಲ್ಲಿಯ ಗದ್ದಲದಲ್ಲಿ ಮುಳುಗಿಹೋಗುವ ಮಾತು ಬಂತು, ಓಟು ಕೇಳಲಾದರೂ ನಮ್ಮ ಓಣಿಗೆ ಬರುವವರು ಆಮೇಲೆ ವರ್ಷಗಟ್ಟಲೆ ಮುಖ ತೋರಿಸುವುದಿಲ್ಲ ಎಂಬ ಮಾತು ಬಂತು. ಹಿತ್ತಿಲಿನ ಮೋಟರುಗಳ ಮುಂದೆ ಇಷ್ಟು ದಿನ ತಾಲೀಮು ಮಾಡಿದ್ದೆಲ್ಲ, ಒಂದೂ ಎಡವದೆ, ಸರಾಗವಾಗಿ ಬಂತು. ಇಂಥ ಸುಖ ನಾನು ಕಂಡಿರಲಿಲ್ಲ. ಟೀ ಅಂಗಡಿಯವರು ಚಪ್ಪಾಳೆ ತಟ್ಟಿದರು. ಬೇರೆ ಯಾರೂ ತಟ್ಟಲಿಲ್ಲ.

ಯಜಮಾನರು ನನ್ನನ್ನೇ ನೋಡುತ್ತಿದ್ದರು. "ಅವತ್ತು ಅಷ್ಟು ತಲೆ ಆಡ್ಸಿದ್ಯಲ್ಲಪ್ಪ," ಅಂದರು, ಮೆಲ್ಲಗೆ.

ಅವ್ವ ಬೇಡ ಬೇಡ ಅಂತ ಕಣ್ಣಲ್ಲೇ ಹೇಳುತ್ತಿದ್ದಳು. ನಾನು ಹೇಳಿದೆ. "ಮಗ್ಗದ ಸದ್ದಿಗೆ ರೀ. ನನಗೆ ಒಂಥರಾ ಸಂಗೀತದ ಹುಚ್ಚು. ಅದರ ತಾಳ ಹಂಗೇ ಇತ್ತು. ತಲೆ ತಾನಾಗೇ ಆಡ್ತು."

"ಅಂದ್ರೆ ನಾನು ಹೇಳಿದ್ದು ಒಂದೂ ನಿನ್ನ ಕಿವಿಗೆ ಬೀಳ್ಲಿಲ್ಲ."

ಅವರಿಗೆ ಸಿಟ್ಟು ಬಂದಿದ್ದರೆ ನಾನು ಎದುರಿಸುತ್ತಿದ್ದೆ. ಸಿಟ್ಟು ನನಗೆ ಚೆನ್ನಾಗಿ ರೂಢಿಯಿದೆ. ಅವರಿಗೆ ನಾಚಿಕೆಯಾಗಿತ್ತು. ತೊಡೆ ತಟ್ಟಿ ತಟ್ಟಿ ಮಾತಾಡಿದ್ದು, ಬಸ್ ನಿಲ್ದಾಣದಲ್ಲೆಲ್ಲ ಅಳಿಯನ ಬಗ್ಗೆ ಹೇಳಿಕೊಂಡು ತಿರುಗಿದ್ದು, ದಿನಾ ಫೋನು ಮಾಡಿದ್ದು, ಎಲ್ಲ ಒಟ್ಟಿಗೆ ನೆನಪಾಗಿರಬೇಕು. ಮಂಡಿ ಹಿಡಿದುಕೊಂಡು ಎದ್ದು, ತಟ್ಟೆಯ ಪಕ್ಕದಿಂದಲೇ ಹಾದು, ಮಗ್ಗದ ಕೋಣೆಗೆ ಹೋದರು.  ಹುಡುಗಿ ತಪ್ಪಿಹೋದಳು ಎಂಬ ಭಯ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಈ ಮನುಷ್ಯ ಇನ್ನು ಮೇಲೆ ಯಾರ ಮುಂದೂ ಬಾಯಿ ಬಿಡುವುದಿಲ್ಲವೇನೋ ಎಂಬ ಭಯ.

ಹುಡುಗಿ ರೇಷ್ಮೆ ಸೀರೆಯಲ್ಲಿ ಗೋಡೆಗೆ ಒರಗಿ ನಿಂತಿದ್ದಳು. "ಹೋಗ್ರಿ ಒಳಗೆ," ಅಂದಳು. "ಅಪ್ಪ ಯಾವತ್ತೂ ಮಾತು ಅರ್ಧಕ್ಕೆ ಬಿಟ್ಟೋರಲ್ಲ."

ಹೋದೆ. ಯಜಮಾನರು ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಮಗ್ಗ ಅವತ್ತು ಸುಮ್ಮನಿತ್ತು. ನಾನು ಎದುರಿಗೆ ನೆಲದ ಮೇಲೆ ಕೂತು, "ಮೊದ್ಲಿಂದ ಹೇಳ್ರಿ," ಅಂದೆ. "ಖರ್ಚಿನಿಂದ."

ಅವರು ಮಗ್ಗದ ಒಂದು ಎಳೆಯನ್ನು ಬೆರಳಿನಿಂದ ಸರಿಪಡಿಸಿದರು. ಆಮೇಲೆ ಬೇಕೋ ಬೇಡವೋ ಅನ್ನುವಂತೆ ಖರ್ಚಿನ ಬಗ್ಗೆ ಒಂದು ವಾಕ್ಯ ಹೇಳಿದರು. ನಾನು ಪೂರ್ತಿ ಕೇಳಿ, ಅದು ಯಾಕೆ ತಪ್ಪು ಅಂತ ಹೇಳಿದೆ. ಅವರ ತಲೆ ಮೇಲೆದ್ದಿತು. ಇನ್ನೊಂದು ಹೇಳಿದರು. ಅದೂ ತಪ್ಪು ಅಂದೆ. ಮೂರನೆಯದಕ್ಕೆ ಅವರ ದನಿ ಏರಿತ್ತು, ನಾಲ್ಕನೆಯದು ತೆಲುಗಿನಲ್ಲಿ ಬಂತು. "ನೀಕೇಂ ತೆಲುಸು," ನಿನಗೇನು ಗೊತ್ತು ಅಂತ ಗುಂಡಿಯ ಅಂಚು ಗುದ್ದಿದರು. ನಾನೂ ಗುದ್ದಿದೆ. ಮೇಷ್ಟ್ರ ವಿಷಯದಲ್ಲಿ ಮಾತ್ರ ಅವರ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ ಅಂತ ಒಪ್ಪಿಕೊಂಡೆ, ಅದಕ್ಕೆ ಅವರು ಸ್ವಲ್ಪ ಯಾಕೆ, ಪೂರಾ ಇದೆ ಅಂತ ಜಗಳಕ್ಕೆ ಬಂದರು. ಹೊರಗೆ ಗಳಿಗೆ ಮೀರುತ್ತಿದೆ ಅಂತ ಯಾರೋ ಕೂಗಿದರು. "ತಡ್ಕೊಳ್ರಲೇ," ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ಬೆವರು ಒರೆಸಿಕೊಂಡು ಅವರು ನಕ್ಕರು.

"ನನ್ನದು ಕೇಳಿದ್ಯಲ್ಲ. ಈಗ ನಿನ್ನದು ಕೊಡು," ಅಂದರು. "ಆ ಸಂಗೀತ."

ಇಯರ್‌ಫೋನ್ ಎರಡನ್ನೂ ಅವರ ಕಿವಿಗಿಟ್ಟು ಹಾಡು ಹಾಕಿದೆ. ಮೊದಲ ಪೆಟ್ಟಿಗೆ ಬೆಚ್ಚಿ ಮಗ್ಗದ ಕಂಬ ಹಿಡಿದುಕೊಂಡರು. ಆದರೆ ತೆಗೆಯಲಿಲ್ಲ. ಸಂಸತ್ತಿನ ಭಾಷಣ ಕೇಳುವವರಂತೆ ಕಣ್ಣು ಮುಚ್ಚಿ, ಕೈ ಕಟ್ಟಿ, ಕೊನೆಯವರೆಗೂ ಕೇಳಿದರು. ಬಾಗಿಲಲ್ಲಿ ಹುಡುಗಿ, ಅವಳ ಹಿಂದೆ ಅವ್ವ, ದೊಡ್ಡಪ್ಪ, ಟೀ ಅಂಗಡಿಯವರು, ಎಲ್ಲರೂ ಕುತ್ತಿಗೆ ಚಾಚಿ ನಿಂತಿದ್ದರು.

ಹಾಡು ಮುಗಿದ ಮೇಲೆ ಅವರು ಕಣ್ಣು ತೆರೆದರು. "ಈ ಹಾಡೋನು ಯಾವ ಸರಕಾರ ಬಂದ್ರೂ ವಿರೋಧ ಪಕ್ಷದಲ್ಲೇ ಇರೋನು," ಅಂದರು. ಆಮೇಲೆ ಕೇಳಿದರು, "ಏನಂತಾನೆ?"

"ಗೊತ್ತಿಲ್ಲ ರೀ. ಮಾತು ಒಂದೂ ತಿಳಿಯಲ್ಲ."

"ತಿಳೀದೇನೇ ಕೇಳ್ತಿದೀಯಾ, ಇಷ್ಟು ವರ್ಷದಿಂದ?"

"ಹೂಂ. ದಿನಾ."

ಅವರು ನನ್ನನ್ನೊಮ್ಮೆ, ಕೈಯಲ್ಲಿದ್ದ ಇಯರ್‌ಫೋನನ್ನೊಮ್ಮೆ ನೋಡಿದರು.

"ಹಂಗಾದ್ರೆ ನಾನು ಹೇಳೋದನ್ನೂ ಕೇಳ್ತೀಯ ಬಿಡು," ಅಂದು, ಬಾಗಿಲ ಕಡೆ ತಿರುಗಿ ಮಗಳಿಗೆ ಹೇಳಿದರು. "ತಟ್ಟೆ ಇಲ್ಲಿಗೇ ತರೋಕೆ ಹೇಳವ್ವ."